ಸದಾಶಿವನಗರ: ಹೆಸರು, ನೆಲ, ಸ್ವತ್ವ

ವಸ್ತುವಾಚಕ ನಾಮಪದಗಳನ್ನು ಕನ್ನಡ ವ್ಯಾಕರಣವು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ ಪರಂಪರೆಯಿಂದ ಬಂದ ಈ ವಿಂಗಡಣೆ ಇಂದಿಗೂ ಶಾಲೆಯ ಪಠ್ಯದಲ್ಲಿ ಉಳಿದಿದೆ. ಬೆಟ್ಟ, ಹೊಳೆ, ಊರು ಎಂಬಂತೆ ಯಾರು ಯಾವಾಗ ಇಟ್ಟರೆಂದು ಕೇಳುವ ಅಗತ್ಯವಿಲ್ಲದೆ ಬಳಕೆಯಲ್ಲಿ ನೆಲೆನಿಂತ ಹೆಸರುಗಳು ರೂಢನಾಮಗಳು. ವ್ಯವಹಾರಕ್ಕಾಗಿ ಒಬ್ಬರು ಗೊತ್ತುಮಾಡಿ ಇಟ್ಟವು ಅಂಕಿತನಾಮಗಳು. ಗುಣ, ವೃತ್ತಿ, ಸ್ವಭಾವಗಳನ್ನು ಅನುಸರಿಸಿ ಹುಟ್ಟಿ, ತಮ್ಮ ಅರ್ಥಕ್ಕೆ ತಾವೇ ಹೊಣೆಯಾಗಿ ನಿಲ್ಲುವಂಥವು ಅನ್ವರ್ಥನಾಮಗಳು. ಬೆಂಗಳೂರಿನ ಅತ್ಯಂತ ಸಿರಿವಂತ ಬಡಾವಣೆಗಳಲ್ಲೊಂದಾದ ಸದಾಶಿವನಗರವನ್ನು ಈ ಮೂರರಲ್ಲಿ ಎಲ್ಲಿ ಇಡಬೇಕೆಂಬುದು ಮೇಲ್ನೋಟಕ್ಕೆ ವ್ಯಾಕರಣದ ಪ್ರಶ್ನೆಯಾಗಿ ಕಂಡರೂ, ಅದನ್ನು ಸ್ವಲ್ಪ ದೂರ ಹಿಂಬಾಲಿಸಿದರೆ ಯಾವುದು ಯಾರದು, ಕೊಡುವುದೆಂದರೇನು, ಕೊಟ್ಟವನಿಗೆ ಏನು ಉಳಿಯುತ್ತದೆ ಎಂಬ, ಭಾರತೀಯ ಧರ್ಮಚಿಂತನೆಯ ಹಳೆಯ ಪ್ರಶ್ನೆಗಳ ಬಾಗಿಲಿಗೆ ಅದು ತಂದು ನಿಲ್ಲಿಸುತ್ತದೆ.

ಪಶ್ಚಿಮಕ್ಕೆ ಮಲ್ಲೇಶ್ವರ, ಆ ಕಡೆಯ ಅಂಚಿನಲ್ಲಿ ಸ್ಯಾಂಕಿ ಕೆರೆ, ಪೂರ್ವಕ್ಕೆ ಬಳ್ಳಾರಿ ರಸ್ತೆ ಮತ್ತು ಅದರಾಚೆಯ ಅರಮನೆ ಮೈದಾನ, ಉತ್ತರಕ್ಕೆ ಮೇಖ್ರಿ ವೃತ್ತ, ಇವುಗಳ ನಡುವೆ ಹಬ್ಬಿರುವ ಈ ಪ್ರದೇಶ ಒಂದು ಕಾಲಕ್ಕೆ ‘ಪ್ಯಾಲೇಸ್ ಆರ್ಚರ್ಡ್ಸ್’, ಅಂದರೆ ಅರಮನೆಯ ಹಣ್ಣಿನ ತೋಟ, ಎಂದೇ ಗುರುತಾಗಿತ್ತು. ಹಳೆಯ ಮನೆಗಳ ವಿಳಾಸಗಳಲ್ಲಿ ‘ಅಪ್ಪರ್ ಪ್ಯಾಲೇಸ್ ಆರ್ಚರ್ಡ್ಸ್’ ಎಂಬುದೂ ‘ಆರ್.ಎಂ.ವಿ. ಎಕ್ಸ್‌ಟೆನ್ಷನ್’ ಎಂಬುದೂ ಈಗಲೂ ಉಳಿದಿವೆ. ಈ ಎರಡನೆಯದು ರಾಜಮಹಲ್ ವಿಲಾಸ ಎಂಬುದರ ಹ್ರಸ್ವರೂಪವಾಗಿದ್ದು, ಅದರೊಳಗೂ ಅರಮನೆಯ ನೆರಳೇ ಇದೆ. ಮಲ್ಲೇಶ್ವರವಾದರೋ ಮಲ್ಲಾಪುರವೆಂಬ ಹಳ್ಳಿಯ ಮತ್ತು ಕಾಡು ಮಲ್ಲೇಶ್ವರನ ಗುಡಿಯ ನೆನಪನ್ನು ಹೊತ್ತು, 1898ರ ಪ್ಲೇಗಿನ ಬಳಿಕ ಗಾಳಿ ಬೆಳಕುಗಳನ್ನು ಅರಸಿ ಬಂದ ಮಧ್ಯಮವರ್ಗದಿಂದ ಬೆಳೆಯಿತು. ಅದರ ಹೆಸರು ದೇವರದು. ಬಸವನಗುಡಿಯದೂ ಹಾಗೆಯೇ. ಶೇಷಾದ್ರಿಪುರ ದಿವಾನರ ಹೆಸರಿನದು, ಜಯನಗರ ಮಹಾರಾಜರ ಹೆಸರಿನದು. ಸ್ವಾತಂತ್ರ್ಯಾನಂತರ ನಗರವು ಹೆಸರಿಗಾಗಿ ಹೋರಾಟಗಾರರ ಕಡೆಗೆ ತಿರುಗಿತು. ದೇವರು, ಅರಸು, ದಿವಾನ, ದೇಶಭಕ್ತ ಎಂಬ ಈ ಸರಣಿಯೇ ಬೆಂಗಳೂರಿನ ಮಟ್ಟಿಗೆ ಪೂಜ್ಯತೆಯ ಕಲ್ಪನೆ ಹೇಗೆ ಕೈ ಬದಲಾಯಿಸಿತೆಂಬುದರ ಒಂದು ಸಂಕ್ಷಿಪ್ತ ಚರಿತ್ರೆಯಾಗಿದೆ. ಅರಮನೆಯ ತೋಟದ ಹೆಸರಿನ ಈ ಬಡಾವಣೆಗೆ ಆ ಹೊತ್ತಿನಲ್ಲಿ ಸಿಕ್ಕಿದ್ದು ಮಂಗಳೂರಿನ ಕಾರ್ನಾಡು ಸದಾಶಿವರಾಯರ ಹೆಸರು.

ಸದಾಶಿವರಾಯರು 1881ರಲ್ಲಿ ಮಂಗಳೂರಿನ ಅನುಕೂಲಸ್ಥ ಸಾರಸ್ವತ ಮನೆತನದಲ್ಲಿ ಹುಟ್ಟಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಕಾನೂನು ಕಲಿತು, ತಂದೆಯಂತೆಯೇ ವಕೀಲರಾದವರು. ಪತ್ನಿ ಶಾಂತಾಬಾಯಿಯವರೊಡನೆ 1911ರಲ್ಲಿ ಮಂಗಳೂರಿನಲ್ಲಿ ಮಹಿಳಾ ಸಭೆಯನ್ನು ಕಟ್ಟಿ ವಿಧವೆಯರಿಗೂ ಬಡ ಹೆಂಗಸರಿಗೂ ನೆರವಿನ ದಾರಿ ತೋರಿದ ಅವರು, ಗಾಂಧೀಜಿಯವರ ಸತ್ಯಾಗ್ರಹದ ಕರೆಗೆ ಕನ್ನಡ ನಾಡಿನಿಂದ ಮೊದಲಿಗೆ ಓಗೊಟ್ಟವರಲ್ಲಿ ಒಬ್ಬರಾದರು. ರಾಷ್ಟ್ರೀಯ ಶಿಕ್ಷಣಕ್ಕೆಂದು ತಿಲಕ ವಿದ್ಯಾಲಯ, ಖಾದಿ, ಅಸ್ಪೃಶ್ಯತಾ ನಿವಾರಣೆ, ಉಪ್ಪಿನ ಸತ್ಯಾಗ್ರಹ, ಸೆರೆಮನೆ ಎಂದು ಸಾಗಿದ ಈ ದಾರಿಯಲ್ಲಿ ವಕೀಲಿಯ ಗಳಿಕೆ ಮೊದಲು ಕರಗಿತು, ಅನಂತರ ಪಿತ್ರಾರ್ಜಿತವೂ ಕರಗಿತು. 1936ರ ಡಿಸೆಂಬರಿನಲ್ಲಿ ನಡೆದ ಫೈಜಪುರ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿದ್ದ ಅವರು ಅಲ್ಲಿಂದ ಜ್ವರವನ್ನು ಹೊತ್ತು ಮರಳಿ, 1937ರ ಜನವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ಅವರ ಬಳಿ ಹೇಳಿಕೊಳ್ಳುವಂಥ ಆಸ್ತಿ ಉಳಿದಿರಲಿಲ್ಲ. ಶಿವರಾಮ ಕಾರಂತರ ‘ಔದಾರ್ಯದ ಉರುಳಲ್ಲಿ’ ಕಾದಂಬರಿಯ ಹಿಂದೆ ಈ ಬದುಕಿನ ನೆರಳಿದೆಯೆಂಬುದು ಕನ್ನಡ ಓದುಗರಲ್ಲಿ ಬಹುಕಾಲದ ಮಾತು. ಔದಾರ್ಯವನ್ನು ಉರುಳೆಂದು ಕರೆದ ಆ ಶೀರ್ಷಿಕೆಯ ಕಡೆಗೆ ಮತ್ತೆ ಬರಬೇಕಾಗುತ್ತದೆ.

ಎಲ್ಲವನ್ನೂ ಕೊಟ್ಟು ಬರಿಗೈಯಾದವರ ಹೆಸರಿನಲ್ಲಿ ಎಲ್ಲವೂ ಇರುವವರು ವಾಸಿಸುತ್ತಾರೆಂಬ ವ್ಯಂಗ್ಯವನ್ನು ಗುರುತಿಸಲು ದೊಡ್ಡ ವಿವೇಕವೇನೂ ಬೇಕಾಗಿಲ್ಲ, ಮತ್ತು ಅದನ್ನು ಗುರುತಿಸಿದವರು ಅಲ್ಲಿಗೇ ನಿಂತುಬಿಡುವುದೇ ಹೆಚ್ಚು. ಆದರೆ ಈ ವ್ಯಂಗ್ಯದ ಅಡಿಯಲ್ಲಿ ಒಂದು ಸಿದ್ಧಾಂತ ಅಡಗಿದೆ: ಹೆಸರು ಹೆಸರುಳ್ಳದ್ದನ್ನು ವರ್ಣಿಸಬೇಕು, ಇಲ್ಲದಿದ್ದರೆ ಅದು ಸುಳ್ಳು ಎಂಬುದೇ ಆ ಸಿದ್ಧಾಂತ. ಅಂದರೆ ಎಲ್ಲ ಹೆಸರುಗಳೂ ಅನ್ವರ್ಥವಾಗಿರಬೇಕೆಂಬ ನಿರೀಕ್ಷೆ. ಭಾರತೀಯ ದರ್ಶನಗಳು ಈ ನಿರೀಕ್ಷೆಯನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಶಬ್ದಕ್ಕೂ ಅರ್ಥಕ್ಕೂ ಇರುವ ನಂಟು ಯಾರೂ ಮಾಡಿದ್ದಲ್ಲ, ಅದು ಹುಟ್ಟಿನಿಂದಲೇ ಬಂದದ್ದು, ನಿತ್ಯವಾದದ್ದು ಎಂದು ಪೂರ್ವಮೀಮಾಂಸಕರು, ಅಂದರೆ ವೇದವಾಕ್ಯದ ಅರ್ಥನಿರ್ಣಯವನ್ನೇ ಶಾಸ್ತ್ರವಾಗಿಸಿಕೊಂಡವರು, ಹೇಳಿದರೆ, ಆ ನಂಟು ಸಂಕೇತದಿಂದ, ಎಂದರೆ ‘ಈ ಶಬ್ದದಿಂದ ಈ ಅರ್ಥ ತಿಳಿಯಲಿ’ ಎಂಬ ಇಚ್ಛೆಯಿಂದ, ಏರ್ಪಟ್ಟದ್ದು ಎಂದು ತರ್ಕಶಾಸ್ತ್ರದವರಾದ ನೈಯಾಯಿಕರು ವಾದಿಸಿದರು. ನೈಯಾಯಿಕರಿಗೆ ಆ ಇಚ್ಛೆ ಈಶ್ವರನದು. ಹಾಗಾದರೆ ನಿನ್ನೆ ಹುಟ್ಟಿದ ಮಗುವಿಗೆ ತಂದೆ ಇಟ್ಟ ಹೆಸರಿನ ಗತಿಯೇನು ಎಂಬ ಪ್ರಶ್ನೆ ಅವರ ಮುಂದೆ ಬಂತು. ಅದಕ್ಕೆ ‘ನ್ಯಾಯಸಿದ್ಧಾಂತಮುಕ್ತಾವಲಿ’ಯಂಥ ಗ್ರಂಥಗಳು ಕೊಡುವ ಉತ್ತರ ಸೊಗಸಾಗಿದೆ. ಹನ್ನೊಂದನೆಯ ದಿನ ತಂದೆ ಮಗುವಿಗೆ ಹೆಸರಿಡಲಿ ಎಂಬ ವಿಧಿಯೇ ಈಶ್ವರೇಚ್ಛೆಯಾಗಿರುವುದರಿಂದ, ಆ ವಿಧಿಯಂತೆ ಇಟ್ಟ ಯಾವ ಹೆಸರಿನೊಳಗೂ ಈಶ್ವರೇಚ್ಛೆ ಸೇರಿಯೇ ಇರುತ್ತದೆ. ಬಡಾವಣೆಗಳಿಗೆ ಹೆಸರಿಡುವ ಅಧಿಕಾರವುಳ್ಳ ಸಂಸ್ಥೆಗಳಿಗೆ ಈ ತಂದೆಯ ಸ್ಥಾನವನ್ನು ಕೊಡಬಹುದೇ ಎಂಬುದನ್ನು ಮಾತ್ರ ಯಾವ ನೈಯಾಯಿಕನೂ ವಿಚಾರಿಸಿದಂತಿಲ್ಲ.

ಹೆಸರಿಗೂ ಗುಣಕ್ಕೂ ಸಂಬಂಧವೇ ಬೇಡವೆಂದು ಇದರಿಂದ ತೀರ್ಮಾನಿಸಿದರೆ ಅಂಕಿತವೆಂಬ ಮಾತಿನ ಇನ್ನೊಂದು ಅರ್ಥ ಕೈತಪ್ಪಿಹೋಗುತ್ತದೆ. ಕನ್ನಡದಲ್ಲಿ ಅಂಕಿತವೆಂದರೆ ಗುರುತು ಎಂಬಂತೆಯೇ ಸಮರ್ಪಣೆಯೂ ಹೌದು. ವಚನಕಾರರ ವಚನಗಳ ಕೊನೆಯಲ್ಲಿ ಬರುವ ಇಷ್ಟದೈವದ ಹೆಸರು ಅಂಕಿತ; ಹರಿದಾಸರಿಗೆ ಗುರುವಿನಿಂದ ದೊರೆಯುವ, ಕೀರ್ತನೆಯ ಕೊನೆಗೆ ನಿಲ್ಲುವ ಮುದ್ರೆ ಅಂಕಿತ. ಆ ಅಂಕಿತದಲ್ಲಿ ಹಾಡಿದವನ ಹೆಸರು ಇರುವುದಿಲ್ಲವೆಂಬುದೇ ಅದರ ವಿಶೇಷ: ತನ್ನದನ್ನು ತನ್ನದಲ್ಲವೆಂದು ಒಪ್ಪಿಸುವ ಮುದ್ರೆ ಅದು. ನವಕೋಟಿ ನಾರಾಯಣನೆನಿಸಿದ್ದ ವ್ಯಾಪಾರಿ ತನ್ನ ಸಿರಿಯನ್ನೆಲ್ಲ ತೊರೆದು ಪುರಂದರದಾಸನಾದನೆಂದು ಸಂಪ್ರದಾಯ ಹೇಳುವಾಗ, ಸಂಪತ್ತು ಹೋದದ್ದೂ ಅಂಕಿತ ಬಂದದ್ದೂ ಒಂದೇ ಘಟನೆಯ ಎರಡು ಮುಖಗಳಾಗುತ್ತವೆ. ಈ ಅರ್ಥದಲ್ಲಿ ಅಂಕಿತನಾಮವು ಹೊತ್ತವನ ಗುಣವನ್ನು ಹೇಳದಿದ್ದರೂ, ಹೊತ್ತವನು ಯಾರಿಗೆ ಸಲ್ಲಬೇಕಾದವನೆಂಬುದನ್ನು ಹೇಳುತ್ತದೆ.

ಸದಾಶಿವನೆಂಬ ಹೆಸರಿನ ಬಗೆಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ, ಏಕೆಂದರೆ ಬಡಾವಣೆಗೆ ಈ ಹೆಸರು ಶಿವನಿಂದಲೇ ಬಂತೆಂದು ಯಾರಾದರೂ ಭಾವಿಸಿದರೆ ಅದು ಅಸಹಜವೇನಲ್ಲ. ಶೈವಾಗಮಗಳು ಸೃಷ್ಟಿ, ಸ್ಥಿತಿ, ಸಂಹಾರ, ತಿರೋಧಾನ, ಅನುಗ್ರಹ ಎಂಬ ಪಂಚಕೃತ್ಯಗಳನ್ನು ಐದು ಮೂರ್ತಿಗಳಿಗೆ ಹಂಚುವಾಗ ಕೊನೆಯದಾದ ಅನುಗ್ರಹವನ್ನು, ಅಂದರೆ ಯಾವ ಪ್ರತಿಫಲವನ್ನೂ ಬಯಸದ ಕೊಡುಗೆಯನ್ನು, ಸದಾಶಿವನಿಗೆ ಒಪ್ಪಿಸುತ್ತವೆ. ಕಾಶ್ಮೀರ ಶೈವದಲ್ಲಿ ಸದಾಶಿವವೆಂಬುದು ಒಂದು ತತ್ತ್ವ, ಅರಿವಿನ ಒಂದು ಮಟ್ಟ. ಅಲ್ಲಿ ‘ಇದು’ ಎಂಬ ಅರಿವು ‘ನಾನು’ ಎಂಬುದರೊಳಗೆ ಇನ್ನೂ ಮಸುಕಾಗಿಯೇ ಮೊಳೆಯುತ್ತಿದ್ದು, ಎರಡೂ ಬೇರ್ಪಟ್ಟಿರುವುದಿಲ್ಲ. ‘ಇದು’ ಬೇರೆಯಾಗಿ ನಿಂತ ಮೇಲಷ್ಟೇ ‘ಇದು ನನ್ನದು’ ಎನ್ನಲು ಸಾಧ್ಯವಾದ್ದರಿಂದ, ಸದಾಶಿವತತ್ತ್ವದಲ್ಲಿ ಒಡೆತನಕ್ಕೆ ಎಡೆಯೇ ಇಲ್ಲ. ಹೆತ್ತವರು ಮಗುವಿಗೆ ಈ ಹೆಸರಿಟ್ಟಾಗ ಇದನ್ನೆಲ್ಲ ಲೆಕ್ಕಹಾಕಿರಲಾರರು. ಆದರೂ ಅಂಕಿತವಾಗಿ ಬಂದ ಹೆಸರು ಬದುಕಿನ ಕೊನೆಗೆ ಅನ್ವರ್ಥವಾಗಿ ನಿಂತ ಅಪರೂಪದ ಉದಾಹರಣೆ ಇದೆಂಬುದನ್ನು ಅಲ್ಲಗಳೆಯಲಾಗದು.

ಒಡೆತನವನ್ನು ಶಾಸ್ತ್ರಗಳು ಸ್ವತ್ವವೆಂದು ಕರೆಯುತ್ತವೆ. ಇಚ್ಛೆಯಂತೆ ವಿನಿಯೋಗಿಸಲು ಯೋಗ್ಯವಾಗಿರುವಿಕೆಯೇ ಅದರ ಲಕ್ಷಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಈ ವಿಷಯದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾದ ಗ್ರಂಥ ಹುಟ್ಟಿದ್ದು ಕರ್ನಾಟಕದಲ್ಲಿಯೇ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಸ್ವತ್ವವು ಶಾಸ್ತ್ರದಿಂದ ಹುಟ್ಟುವುದೋ ಲೋಕವ್ಯವಹಾರದಿಂದಲೋ ಎಂದು ಕೇಳಿ, ಲೋಕದಿಂದಲೇ ಎಂದು ಉತ್ತರಿಸುತ್ತಾನೆ, ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರೂ ಕೊಳ್ಳುವುದು ಮಾರುವುದು ಮಾಡುತ್ತಾರಲ್ಲ ಎಂಬುದು ಅವನು ಕೊಡುವ ಕಾರಣಗಳಲ್ಲೊಂದು. ಒಡೆತನಕ್ಕೆ ದೈವಿಕವಾದ ಬೇರು ಇಲ್ಲವೆಂದು ಒಬ್ಬ ಧರ್ಮಶಾಸ್ತ್ರಕಾರನೇ ಹೇಳಿದ ಈ ಮಾತಿನ ದಿಟ್ಟತನ ಸಾಕಷ್ಟು ಗಮನಕ್ಕೆ ಬಂದಿಲ್ಲ. ಅದೇ ವಿಜ್ಞಾನೇಶ್ವರನು ಪಿತೃಗಳ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವಿದೆಯೆಂದು ಸಾಧಿಸುತ್ತಾನೆ. ಇದರಿಂದ ಕೊಡುವವನ ಕೈಗೆ ಒಂದು ಕಟ್ಟು ಬೀಳುತ್ತದೆ. ಕುಟುಂಬಕ್ಕೆ ಬಾಧೆಯಾಗದಂತೆ ಮಾತ್ರ ತನ್ನದನ್ನು ಕೊಡಬಹುದು, ಸಂತಾನವಿರುವಾಗ ಸರ್ವಸ್ವವನ್ನೂ ಕೊಡಕೂಡದು ಎಂದು ಸ್ಮೃತಿಯೇ ವಿಧಿಸಿದೆ. ದಾನವನ್ನು ಇಷ್ಟೊಂದು ಕೊಂಡಾಡುವ ಪರಂಪರೆಯೇ ದಾನಕ್ಕೆ ಇಂಥ ಎಲ್ಲೆ ಹಾಕಿರುವುದು ವಿರೋಧಾಭಾಸವಲ್ಲ. ಒಬ್ಬನ ತ್ಯಾಗದ ಬೆಲೆಯನ್ನು ಅದನ್ನು ಆರಿಸಿಕೊಳ್ಳದ ಇನ್ನೊಬ್ಬರು ತೆರಬಾರದೆಂಬ ಎಚ್ಚರ ಅದರ ಹಿಂದಿದೆ.

ಕಾರಂತರ ಶೀರ್ಷಿಕೆಯಲ್ಲಿರುವ ಉರುಳು ಎಂಬ ಮಾತು ನಾಟುವುದು ಇಲ್ಲಿ. ವಕೀಲರಾಗಿದ್ದ ಸದಾಶಿವರಾಯರಿಗೆ ಹಿಂದೂ ಕಾನೂನಿನ ತಳಹದಿಯಾದ ಮಿತಾಕ್ಷರ ಅಪರಿಚಿತವಾಗಿರಲು ಸಾಧ್ಯವಿಲ್ಲ. ಅವರು ನಡೆದದ್ದು ಆ ಎಲ್ಲೆಯ ಅರಿವಿದ್ದೂ ಅದನ್ನು ದಾಟಿ. ಸ್ಮೃತಿಯ ಅಳತೆಗೋಲಿನಲ್ಲಿ ಅದು ದೋಷವೆನಿಸಬಹುದು. ಗೃಹಸ್ಥನಾಗಿ ಉಳಿದೇ ಸನ್ಯಾಸಿಯಂತೆ ಕೊಡುವ ಈ ಬಗೆಗೆ ಹಳೆಯ ಆಶ್ರಮವ್ಯವಸ್ಥೆಯಲ್ಲಿ ಸರಿಯಾದ ಗೂಡೇ ಇರಲಿಲ್ಲ. ಕಾವಿ ಉಟ್ಟು ಹೊರಟವನಿಗೆ ಶಾಸ್ತ್ರ ದಾರಿ ಬಿಡುತ್ತದೆ, ಖಾದಿ ಉಟ್ಟು ಮನೆಯಲ್ಲಿಯೇ ನಿಂತವನಿಗೆ ಬಿಡುವುದಿಲ್ಲ. ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕಾದ ಯಜ್ಞವೊಂದು ವೈದಿಕ ಪರಂಪರೆಯಲ್ಲಿತ್ತು, ಅದರ ಹೆಸರು ವಿಶ್ವಜಿತ್. ಕಠೋಪನಿಷತ್ತು ತೆರೆದುಕೊಳ್ಳುವುದೇ ಅಂಥ ಸರ್ವಸ್ವದಾನದಲ್ಲಿ: ತಂದೆ ಹಾಲು ಬತ್ತಿದ ಮುದಿ ಹಸುಗಳನ್ನು ದಾನವಾಗಿ ಅಟ್ಟುವುದನ್ನು ಕಂಡ ನಚಿಕೇತನು ತನ್ನನ್ನು ಯಾರಿಗೆ ಕೊಡುವೆಯೆಂದು ಮತ್ತೆ ಮತ್ತೆ ಕೇಳುತ್ತಾನೆ. ಎಲ್ಲವನ್ನೂ ಕೊಡುತ್ತೇನೆಂದು ಹೊರಟವನು ಬೇಡವಾದದ್ದನ್ನಷ್ಟೇ ಕೊಡುತ್ತಿದ್ದಾನೆಂಬುದನ್ನು ಆ ಹುಡುಗ ಕಂಡುಹಿಡಿದಿದ್ದಾನೆ. ‘ಎಲ್ಲ’ ಎಂಬುದರಲ್ಲಿ ತಾನೂ ಸೇರಿದ್ದೇನೆಯೇ ಎಂಬುದು ಅವನ ಪ್ರಶ್ನೆಯ ಮೊನೆ.

ಆ ‘ಎಲ್ಲ’ದ ಅರ್ಥವನ್ನು ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯ ಮತ್ತು ಅದಕ್ಕೆ ಶಬರನು ಬರೆದ ಭಾಷ್ಯ ಯಾವ ಕವಿತ್ವವೂ ಇಲ್ಲದೆ, ವಕೀಲರ ನಿಷ್ಠುರತೆಯಿಂದ ಪರೀಕ್ಷಿಸುತ್ತವೆ. ‘ಸ್ವ’ ಎಂಬ ಮಾತಿಗೆ ತಾನು, ತನ್ನದು, ತನ್ನವರು, ಧನ ಎಂಬ ಅರ್ಥಗಳಿವೆ. ಹಾಗಾದರೆ ವಿಶ್ವಜಿತ್ತಿನಲ್ಲಿ ಯಜಮಾನನು ತಂದೆತಾಯಿಗಳನ್ನೂ ಕೊಡಬೇಕೆ? ಬೇಡ, ಏಕೆಂದರೆ ಇಷ್ಟಬಂದಂತೆ ವಿನಿಯೋಗಿಸಬಹುದಾದದ್ದಷ್ಟೇ ಕೊಡಲು ಬರುತ್ತದೆ, ಬಂಧುಗಳು ಅಂಥವರಲ್ಲ. ಯಜಮಾನನು ಇಡೀ ನೆಲವನ್ನಾಳುವ ಚಕ್ರವರ್ತಿಯೇ ಆದರೆ ಆ ನೆಲವನ್ನು ಕೊಡಬೇಕೆ? ಅದೂ ಬೇಡ, ಏಕೆಂದರೆ ಭೂಮಿ ಎಲ್ಲರಿಗೂ ಸಮಾನವಾದದ್ದು. ರಕ್ಷಿಸುವುದಕ್ಕೆ ಪ್ರತಿಯಾಗಿ ಬೆಳೆಯಲ್ಲೊಂದು ಪಾಲು ಅರಸನಿಗೆ ಸಲ್ಲಬಹುದೇ ಹೊರತು ನೆಲದ ಮೇಲೆ ಅವನಿಗೆ ಸ್ವತ್ವವಿಲ್ಲ. ಅರಸನ ಒಡೆತನವನ್ನು ಇಷ್ಟು ಸರಳವಾಗಿ ಅಲ್ಲಗಳೆದ ಮಾತು ಅರಸರ ಆಶ್ರಯದಲ್ಲಿಯೇ ಬೆಳೆದ ಯಜ್ಞಶಾಸ್ತ್ರದೊಳಗೆ ಶತಮಾನಗಳ ಕಾಲ ಚರ್ಚೆಯಲ್ಲಿದ್ದುದು ಆಶ್ಚರ್ಯವೇ ಸರಿ, ವ್ಯವಹಾರದಲ್ಲಿ ಅದನ್ನು ಯಾವ ಅರಸನೂ ಕಿವಿಗೆ ಹಾಕಿಕೊಳ್ಳದಿದ್ದುದು ಆಶ್ಚರ್ಯವಲ್ಲ.

ಅರಮನೆಯ ತೋಟದಿಂದ ಹೆಸರು ಪಡೆದ ಬಡಾವಣೆಯ ಚರಿತ್ರೆಯನ್ನು ಈ ಮಾತಿನ ಬೆಳಕಿನಲ್ಲಿ ನೋಡಿದರೆ, ಅದು ರಕ್ಷಕನ ಪಾಲು ಮಾಲೀಕನ ಸ್ವತ್ತಾಗಿ, ಆ ಸ್ವತ್ತು ನಿವೇಶನಗಳಾಗಿ ಹೋಳಾದ ಕಥೆಯಾಗುತ್ತದೆ. ಬಳ್ಳಾರಿ ರಸ್ತೆಯ ಆಚೆಗೆ ಇನ್ನೂ ಬಯಲಾಗಿ ಉಳಿದ ಅರಮನೆಯ ಜಾಗ ಸುಮಾರು 472 ಎಕರೆ. ಅದನ್ನು ಸರ್ಕಾರಕ್ಕೆ ತೆಗೆದುಕೊಳ್ಳಲು 1996ರಲ್ಲಿ ಶಾಸನಸಭೆ ಕಾಯ್ದೆ ಮಾಡಿತು, ರಾಜಮನೆತನದವರು ನ್ಯಾಯಾಲಯಕ್ಕೆ ಹೋದರು, ವ್ಯಾಜ್ಯ ದಶಕಗಳ ಕಾಲ ಬೆಳೆಯಿತು. ನೆಲ ಯಾರದೆಂಬ ಜೈಮಿನಿಯ ಪ್ರಶ್ನೆ ಬೇರೆ ಭಾಷೆಯಲ್ಲಿ, ಬೇರೆ ಕಲಮುಗಳಡಿಯಲ್ಲಿ ಅಲ್ಲಿ ಮುಂದುವರಿದಿದೆ, ಆದರೆ ‘ಎಲ್ಲರಿಗೂ ಸಮಾನ’ ಎಂಬ ಉತ್ತರ ಮಾತ್ರ ಯಾವ ಪಕ್ಷದ ಅರ್ಜಿಯಲ್ಲಿಯೂ ಇರಲಾರದು.

ದಾನಕ್ಕೆ ಮುಂಚೆ ಸ್ವತ್ವ ಬೇಕು. ತನ್ನ ಸ್ವತ್ವವನ್ನು ಅಳಿಸಿ ಇನ್ನೊಬ್ಬರ ಸ್ವತ್ವವನ್ನು ಉಂಟುಮಾಡುವುದೇ ದಾನವೆಂದು ನಿಬಂಧಕಾರರು, ಅಂದರೆ ಧರ್ಮಶಾಸ್ತ್ರದ ಸಂಗ್ರಹಗ್ರಂಥಗಳನ್ನು ಬರೆದವರು, ವ್ಯಾಖ್ಯಾನಿಸುವುದರಿಂದ, ತನ್ನದಲ್ಲದ್ದನ್ನು ಕೊಟ್ಟರೆ ಅದು ದಾನವಾಗುವುದಿಲ್ಲ. 12ನೆಯ ಶತಮಾನದ ಶರಣರು ಕೈಹಾಕಿದ್ದು ಇದೇ ಬೇರಿಗೆ. ಇರುವುದೆಲ್ಲ ಶಿವನದಾದ ಮೇಲೆ ಕೊಡುವವನೆಂಬ ಪದವಿ ಯಾರಿಗೂ ಸಲ್ಲುವುದಿಲ್ಲವಾದ್ದರಿಂದ ಅವರು ದಾನದ ಬದಲು ದಾಸೋಹವೆಂದರು: ಕಾಯಕದಿಂದ ಬಂದದ್ದನ್ನು ಅದರ ನಿಜವಾದ ಒಡೆಯನಿಗೆ, ಜಂಗಮದ ರೂಪದಲ್ಲಿ, ಮರಳಿಸುವ ಕ್ರಮ ಅದು, ಮರಳಿಸುವವನು ದಾಸ. ಜೈನರು ಇನ್ನೊಂದು ದಾರಿ ಹಿಡಿದು ಪರಿಗ್ರಹಕ್ಕೆ, ಅಂದರೆ ಸುತ್ತ ಹಿಡಿದಿಟ್ಟುಕೊಳ್ಳುವಿಕೆಗೆ, ಗೃಹಸ್ಥನಾದ ಶ್ರಾವಕನು ತಾನೇ ಒಂದು ಪ್ರಮಾಣವನ್ನು ಗೊತ್ತುಮಾಡಿಕೊಳ್ಳಬೇಕೆಂದು ಅಣುವ್ರತವನ್ನು ವಿಧಿಸಿದರು. ಗಾಂಧೀಜಿಯವರ ಧರ್ಮದರ್ಶಿತ್ವದ ಕಲ್ಪನೆ ಈ ಎರಡಕ್ಕೂ ಋಣಿಯಂತೆ ಕಂಡರೂ, ಅದಕ್ಕೆ ಇನ್ನೊಂದು ತವರು ಇದೆ: ಗೀತೆಯ ಅಪರಿಗ್ರಹದ ಅರ್ಥ ತಮಗೆ ತೆರೆದದ್ದು ಇಂಗ್ಲಿಷ್ ಕಾನೂನಿನಲ್ಲಿ ಟ್ರಸ್ಟಿ ಎಂಬ ಶಬ್ದವನ್ನು ಓದಿದಾಗಿನ ನೆನಪಿನಿಂದ ಎಂದು ಅವರು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಇನ್ನೊಬ್ಬರಿಗಾಗಿ ಹಿಡಿದಿಟ್ಟುಕೊಂಡದ್ದರಲ್ಲಿ ಒಂದು ಕಾಸೂ ತನ್ನದಲ್ಲವೆಂದು ಬಗೆಯುವ ಟ್ರಸ್ಟಿಯ ನಿಲುವು ವಕೀಲರಿಗೆ ಬೇಗ ಹಿಡಿಸುವಂಥದು. ಬ್ಯಾರಿಸ್ಟರರ ಹಿಂದೆ ಹೊರಟ ಮಂಗಳೂರಿನ ವಕೀಲರು ಮಾತ್ರ ಧರ್ಮದರ್ಶಿಯಾಗಿ ಆಸ್ತಿಯನ್ನು ಕಾಯುತ್ತ ಕೂರದೆ ದಾಸೋಹಿಯಂತೆ ಅದನ್ನು ಮುಗಿಸಿಬಿಟ್ಟರು. ಟ್ರಸ್ಟಿಯ ಕೈಯಲ್ಲಿ ಆಸ್ತಿ ಉಳಿಯುತ್ತದೆ, ಅದರೊಡನೆ ಅವನ ನೆಮ್ಮದಿಯೂ ಉಳಿಯುತ್ತದೆ. ಧರ್ಮದರ್ಶಿತ್ವವೆಂಬ ಸಿದ್ಧಾಂತ ಸಿರಿವಂತರಲ್ಲಿ ಇಷ್ಟು ಜನಪ್ರಿಯವಾಗಲು ಇದೂ ಒಂದು ಕಾರಣವಿರಬೇಕು.

ಇನ್ನು ನಗರವು ಅವರಿಗೆ ಕೊಟ್ಟ ಹೆಸರಿನ ಕಾಣಿಕೆಯನ್ನು ಇದೇ ಅಳತೆಯಲ್ಲಿ ತೂಗಿ ನೋಡಬೇಕು. ಬಡಾವಣೆಗೆ ಒಬ್ಬರ ಹೆಸರಿಟ್ಟಾಗ ಯಾರ ಸ್ವತ್ವವೂ ಅಳಿಯುವುದಿಲ್ಲ, ಯಾರಿಗೂ ಸ್ವತ್ವ ಉಂಟಾಗುವುದೂ ಇಲ್ಲ. ಒಂದು ಅಡಿ ನೆಲವೂ ಕೈ ಬದಲಾಯಿಸುವುದಿಲ್ಲ. ಶಾಸ್ತ್ರದ ಮಾತಿನಲ್ಲಿ ಅದು ದಾನವೇ ಅಲ್ಲ. ಗೌರವವೆಂದು ಒಪ್ಪಬಹುದಾದರೂ, ಏನನ್ನೂ ಕಳೆದುಕೊಳ್ಳದೆ ಸಲ್ಲಿಸಿದ ಗೌರವವದು. ಅಂಕಿತವು ಬಳಕೆಯಲ್ಲಿ ಸವೆದು ರೂಢವಾಗುವುದಕ್ಕೂ ಹೆಚ್ಚು ಕಾಲ ಬೇಕಾಗಲಿಲ್ಲ. ಸದಾಶಿವರಾಯರ ಹುಟ್ಟೂರಿನಲ್ಲಿ ಅವರ ನೆನಪಿಗಿರುವ ರಸ್ತೆ ನಗರದ ದಟ್ಟ ವ್ಯಾಪಾರದ ಬೀದಿಗಳಲ್ಲೊಂದು, ಆದರೆ ಅದು ಎಲ್ಲರ ಬಾಯಲ್ಲಿ ‘ಕೆ.ಎಸ್. ರಾವ್ ರಸ್ತೆ’; ಮೊದಲಕ್ಷರಗಳ ಹಿಂದೆ ಕಾರ್ನಾಡೂ ಮರೆಯಾಗಿದೆ, ಸದಾಶಿವನೂ ಮರೆಯಾಗಿದ್ದಾನೆ. ಬೆಂಗಳೂರಿನಲ್ಲಿ ಹೆಸರು ಇಡಿಯಾಗಿ ಉಳಿದು ಅರ್ಥ ಬದಲಾಯಿತು. ಸದಾಶಿವನಗರದವರು ಎಂದರೆ ಇಂದಿನ ಕನ್ನಡದಲ್ಲಿ ರಾಜಕಾರಣಿಗಳು, ಉದ್ಯಮಿಗಳು, ಚಿತ್ರರಂಗದ ಹೆಸರಾಂತರು, ಕಾವಲುಗಾರನಿರುವ ಎತ್ತರದ ಗೇಟುಗಳು ಎಂದರ್ಥ. ತ್ಯಾಗಿಯೊಬ್ಬರ ಹೆಸರು ಸಿರಿವಂತಿಕೆಗೆ ಪರ್ಯಾಯಪದವಾಗಿದೆ. ಹೊಸ ಅರ್ಥದಲ್ಲಿ ಹೆಸರು ಮತ್ತೆ ಅನ್ವರ್ಥವೇ ಆಯಿತೆಂದು ಕೇಶಿರಾಜನ ಶಿಷ್ಯನೊಬ್ಬ ಹೇಳಬಹುದು, ಅನ್ವಯವಾದದ್ದು ಬೇರೆ ಅರ್ಥವಷ್ಟೇ.

ಆದರೆ ಆ ಬಡಾವಣೆಯ ನೆಲದಲ್ಲಿ ಬೇರೆ ಬಗೆಯ ಕೊಡುಗೆಗಳೂ ಇವೆ. ಕೆರೆ, ಬಾವಿ, ತೋಪುಗಳನ್ನು ಎಲ್ಲರಿಗಾಗಿ ಬಿಟ್ಟುಕೊಡುವುದನ್ನು ಧರ್ಮಶಾಸ್ತ್ರ ದಾನವೆನ್ನದೆ ಉತ್ಸರ್ಗವೆಂದು ಬೇರೆಯಾಗಿ ಕರೆಯುತ್ತದೆ, ಏಕೆಂದರೆ ಅಲ್ಲಿ ಪಡೆಯುವವನು ಇಂಥವನೆಂಬ ಗೊತ್ತಿಲ್ಲ. ಕೊಟ್ಟವನ ಸ್ವತ್ವ ಅಳಿಯುತ್ತದೆ, ಎಲ್ಲರಲ್ಲಿ ಒಬ್ಬನಾಗಿ ಅವನೂ ಆ ನೀರನ್ನು ಕುಡಿಯಬಹುದು. 1882ರಲ್ಲಿ ನಗರದ ನೀರಿನ ಬವಣೆಯ ಹಿನ್ನೆಲೆಯಲ್ಲಿ ನಿರ್ಮಾಣವಾಗಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿಯವರ ಹೆಸರು ಹೊತ್ತ ಕೆರೆ ಸರ್ಕಾರದ ಕಾಮಗಾರಿಯೇ ಹೊರತು ಶಾಸ್ತ್ರೋಕ್ತ ಉತ್ಸರ್ಗವಲ್ಲ. ಆದರೂ, ಹತ್ತಿರವಿದ್ದ ಸರ್ಕಾರಿ ಗಂಧದ ಕೋಠಿಯಿಂದಾಗಿ ಜನ ಗಂಧದಕೋಟಿ ಕೆರೆಯೆಂದು ಕರೆದ ಅದರ ದಂಡೆಯಲ್ಲಿ ಇಂದು ಮುಂಜಾನೆ ನಡೆಯುವವರಲ್ಲಿ ಸದಾಶಿವನಗರದವರೂ ಇದ್ದಾರೆ, ಗುಟ್ಟಹಳ್ಳಿಯವರೂ ಇದ್ದಾರೆ. ಜೈಮಿನಿ ಹೇಳಿದ ಸಮಾನತೆ ಆ ಸುತ್ತುಹಾದಿಯ ಮಟ್ಟಿಗೆ ನಿಜವಾಗಿದೆ. ಅಲ್ಲಿಗೆ ದೂರವಲ್ಲದ ರಾಮನ್ ಸಂಶೋಧನಾ ಸಂಸ್ಥೆಯದು ಇನ್ನೊಂದು ಬಗೆ. ಮೈಸೂರು ಸಂಸ್ಥಾನವು ವಿಜ್ಞಾನ ಅಕಾಡೆಮಿಗೆ ಕೊಟ್ಟ ನೆಲದ ಮೇಲೆ 1948ರಲ್ಲಿ ಸಿ.ವಿ. ರಾಮನ್ ಅದನ್ನು ಕಟ್ಟಿದರು, ತಮ್ಮ ಆಸ್ತಿಯನ್ನು ಅದರ ಏಳಿಗೆಗೆಂದು ಬಿಟ್ಟುಕೊಟ್ಟರು, ಮತ್ತು 1970ರ ನವೆಂಬರಿನಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಆ ತೋಟದಲ್ಲಿಯೇ ಅವರನ್ನು ದಹಿಸಲಾಯಿತು. ಆ ಜಾಗದಲ್ಲಿ ಸಮಾಧಿಯ ಕಟ್ಟಡವಿಲ್ಲ, ಒಂದು ಮರವಿದೆ.

ಶಬರನು ಬೇಡವೆಂದು ಬದಿಗಿಟ್ಟ ‘ಸ್ವ’ದ ಮೊದಲ ಅರ್ಥ, ಅಂದರೆ ತಾನು, ತನ್ನ ದೇಹ, ಅದು ಕೂಡ ಇದೇ ಬಡಾವಣೆಯಲ್ಲಿ ದಾನದ ವಸ್ತುವಾಗಿದೆ. ಸದಾಶಿವನಗರದ ಮನೆಯಲ್ಲಿ ನೆಲೆಸಿದ್ದ ಚಿತ್ರನಟ ರಾಜಕುಮಾರ್ 2006ರ ಏಪ್ರಿಲ್ 12ರಂದು ನಿಧನರಾದಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರಿನಲ್ಲಿ ಅವರ ಮಗ ಪುನೀತ್ ತೀರಿಕೊಂಡಾಗಲೂ ಹಾಗೆಯೇ ಆಗಿ, ಆ ಬಳಿಕ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಮುಂದಾದವರ ಸಂಖ್ಯೆ ಏಕಾಏಕಿ ಏರಿತು. ಈ ದಾನದಲ್ಲಿ ಕೊಟ್ಟವನಿಗೆ ಪಡೆದವನು ಯಾರೆಂದು ತಿಳಿಯುವುದಿಲ್ಲ, ಪಡೆದವನಿಗೂ ತಿಳಿಸುವ ವಾಡಿಕೆಯಿಲ್ಲ. ದಾನ, ಉತ್ಸರ್ಗ ಎರಡರ ಲಕ್ಷಣವೂ ಅರ್ಧರ್ಧ ಸೇರಿದ ಇದಕ್ಕೆ ನಿಬಂಧಗಳಲ್ಲಿ ಹೆಸರಿಲ್ಲ. ಮನೆಯ ಬೆಲೆ ಕೋಟಿಗಳಲ್ಲಿ ಎಣಿಕೆಯಾಗುವ ಜಾಗದಿಂದ ಹೊರಟದ್ದು ಬೆಲೆ ಕಟ್ಟುವುದನ್ನೇ ಕಾನೂನು ನಿಷೇಧಿಸಿರುವ ವಸ್ತು.

ವಿಜಯನಗರ ಕಾಲದ ತಾಮ್ರಶಾಸನಗಳು ಭೂಮಿಯನ್ನು ಒಬ್ಬನಿಗೆ ಬಿಟ್ಟುಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನು, ಅಂದರೆ ನೆಲದ ಮೇಲಿನ ಎಂಟು ಬಗೆಯ ಅನುಭೋಗಗಳನ್ನು, ಎಣಿಸಿ, ಪಡೆದವನು ಆ ನೆಲವನ್ನು ದಾನ ಮಾಡಲು, ಅಡವಿಡಲು, ಮಾರಲು, ವಿನಿಮಯಿಸಲು ಅರ್ಹನೆಂದು ನಾಲ್ಕು ಅಧಿಕಾರಗಳನ್ನು ಹೇಳುತ್ತವೆ. ಆ ನಾಲ್ಕರ ಸಾಲಿನಲ್ಲಿ ದಾನಕ್ಕೆ ಮೊದಲ ಸ್ಥಾನ. ಇಂದಿನ ಕ್ರಯಪತ್ರಗಳ ಭಾಷೆಯಲ್ಲಿಯೂ ಈ ಸಾಲಿನ ಪ್ರತಿಧ್ವನಿ ಕೇಳಿಬರುತ್ತದೆ, ಮತ್ತು ಉಪನೋಂದಣಿ ಕಚೇರಿಗಳಲ್ಲಿ ದಾನಪತ್ರಗಳು ನೋಂದಣಿಯಾಗುತ್ತಲೇ ಇರುತ್ತವೆ. ಅವುಗಳಲ್ಲಿ ಬಹಳಷ್ಟು ತಂದೆಯಿಂದ ಮಗನಿ‌ಗೆ, ತಾಯಿಯಿಂದ ಮಗಳಿಗೆ, ಅಣ್ಣನಿಂದ ತಮ್ಮನಿಗೆ. ಹತ್ತಿರದ ಬಂಧುಗಳ ನಡುವಿನ ದಾನಕ್ಕೆ ಮುದ್ರಾಂಕ ಶುಲ್ಕ ಕ್ರಯಕ್ಕಿಂತ ಬಹಳ ಕಡಿಮೆ. ಕುಟುಂಬಕ್ಕೆ ಬಾಧೆಯಾಗದಂತೆ ಕೊಡಬೇಕೆಂಬ ಸ್ಮೃತಿಯ ವಿಧಿ ಅಲ್ಲಿ ಅಕ್ಷರಶಃ ಪಾಲನೆಯಾಗುತ್ತದೆ.